ಗಾಳಿ ಜೋರಾದಾಗ ಹಾಯಿ ಸಡಿಲಿಸಬೇಕೋ, ಬಿಗಿಯಬೇಕೋ?

ಪ್ರಶ್ನೆ: ಕಾರವಾರದಲ್ಲಿ ಹೋಬಿ 16 ಕ್ಯಾಟಮರಾನ್ (ಎರಡು ಒಡಲಿನ ಹಾಯಿದೋಣಿ) ಓಡಿಸಲು ಕಲಿಯುತ್ತಿದ್ದೇವೆ. ಗಾಳಿ ಏರಿದರೆ ಹಾಯಿ ಸಡಿಲ ಬಿಡಬೇಕು ಅಂದುಕೊಂಡಿದ್ದೆವು. ಹಳಬರು ಮಾತ್ರ ಡೌನ್‌ಹಾಲ್ (ಹಾಯಿಯ ಮುಂಬದಿಯ ಅಂಚನ್ನು ಕೆಳಕ್ಕೆ ಜಗ್ಗುವ ಹಗ್ಗ) ಇನ್ನಷ್ಟು ಎಳೆಯಿರಿ ಎನ್ನುತ್ತಾರೆ. ಯಾವುದು ಸರಿ?

ಉತ್ತರ: ಎರಡೂ ಸರಿ. ಸಡಿಲಿಸುವ ಹಗ್ಗ ಬೇರೆ, ಬಿಗಿಯುವ ಹಗ್ಗ ಬೇರೆ.

ಕಾರವಾರದಲ್ಲಿ ಬೇಸಿಗೆಯ ಬೆಳಿಗ್ಗೆ ಸಹ್ಯಾದ್ರಿಯ ಕಡೆಯಿಂದ ಬರುವ ನೆಲಗಾಳಿ ಮೆಲ್ಲಗಿರುತ್ತದೆ; ಮಧ್ಯಾಹ್ನ ದಾಟಿದ ಮೇಲೆ ಕಡಲಗಾಳಿ ನುಗ್ಗುತ್ತದೆ. 8 ನಾಟ್ (ಗಂಟೆಗೆ ಸುಮಾರು 15 ಕಿ.ಮೀ.) ಇದ್ದದ್ದು 16 ನಾಟ್ ಆಯಿತು ಅನ್ನಿ. ವೇಗ ಎರಡು ಪಟ್ಟಾದರೆ ಹಾಯಿಯ ಮೇಲಿನ ಬಲ ನಾಲ್ಕು ಪಟ್ಟಾಗುತ್ತದೆ. ದೋಣಿ ಮಾತ್ರ ಅದೇ 145 ಕಿಲೋ, ಅದೇ 2.41 ಮೀಟರ್ ಅಗಲ. ಇಬ್ಬರೂ ಟ್ರೆಪೀಜ್‌ನಲ್ಲಿ (ಹಾಯಿಗಂಬದಿಂದ ಇಳಿದ ತಂತಿಗೆ ನೇತುಬಿದ್ದು) ಹೊರಗೆ ನಿಂತು, ಗಾಳಿಯ ಕಡೆಯ ಹಲ್ (ಒಡಲು) ಆಗಷ್ಟೇ ನೀರು ಬಿಟ್ಟ ಕ್ಷಣದಲ್ಲಿ ಮಗುಚದಂತೆ ತಡೆಯುವ ಶಕ್ತಿ ತುತ್ತತುದಿಯಲ್ಲಿರುತ್ತದೆ. ಹಲ್ ಅದಕ್ಕಿಂತ ಮೇಲೆದ್ದರೆ ಆ ಶಕ್ತಿ ಇಳಿಯುತ್ತಲೇ ಹೋಗುತ್ತದೆ. ಅಡಿಯಲ್ಲಿ ಭಾರದ ಕೀಲ್ ಇರುವ ದೋಣಿ ಬಹಳ ದೂರದವರೆಗೆ ವಾಲಿದಷ್ಟೂ ಹೆಚ್ಚು ತಡೆಯುತ್ತದೆ. ಕ್ಯಾಟಮರಾನ್‌ಗೆ ಆ ಅನುಕೂಲವಿಲ್ಲ. ಹೆಚ್ಚಾದ ಬಲವನ್ನು ಹಾಯಿಯಿಂದಲೇ ಕಳೆಯಬೇಕು.

ಡೌನ್‌ಹಾಲ್ ಮಾಡುವುದು ಅದನ್ನೇ. ಹಾಯಿಯ ಮುಂಬದಿಯ ಅಂಚನ್ನು ಕೆಳಕ್ಕೆ ಜಗ್ಗಿದಾಗ ಹಾಯಿಯ ಉಬ್ಬು ಮುಂದಕ್ಕೆ ಸರಿದು ಚಪ್ಪಟೆಯಾಗುತ್ತದೆ. ಮೇಲ್ತುದಿಯ ಹಿಂಬದಿ ತೆರೆದುಕೊಂಡು ಅಲ್ಲಿನ ಗಾಳಿ ಸೋರಿಹೋಗುತ್ತದೆ. ದೋಣಿಯನ್ನು ಮಗುಚುವುದರಲ್ಲಿ ಮೇಲ್ತುದಿಯ ಪಾಲೇ ದೊಡ್ಡದು, ಏಕೆಂದರೆ ಅದು ನೀರಿನಿಂದ ಅತಿ ಎತ್ತರದಲ್ಲಿದೆ. ಬಿಗಿ ಹಗ್ಗ ಬಲ ತಗ್ಗಿಸುವುದು ಹೀಗೆ. ಜಿಬ್ ಹ್ಯಾಲ್ಯಾರ್ಡ್ (ಮುಂದಿನ ಸಣ್ಣ ಹಾಯಿಯನ್ನು ಮೇಲೇರಿಸುವ ಹಗ್ಗ) ಕೂಡ ಬಿಗಿಯಾಗಿರಲಿ. ಸಡಿಲವಾದರೆ ಜಿಬ್‌ನ ಮುಂಬದಿ ಜೋತುಬಿದ್ದು ಉಬ್ಬು ಹೆಚ್ಚುತ್ತದೆ, ಗಾಳಿಗೆದುರಾಗಿ ಏರುವುದು ಕಷ್ಟ. ಸಡಿಲಿಸಬೇಕಾದದ್ದು ಮೇನ್‌ಶೀಟ್ (ದೊಡ್ಡ ಹಾಯಿಯನ್ನು ಒಳಕ್ಕೆ ಎಳೆಯುವ ಹಗ್ಗ) ಮತ್ತು ಟ್ರಾವೆಲರ್ (ಆ ಹಗ್ಗದ ಬುಡವನ್ನು ಅಡ್ಡಕ್ಕೆ ಸರಿಸುವ ಜಾರುಕೊಂಡಿ), ಅದೂ ಗಾಳಿಯ ಹೊಡೆತ ಬಂದಾಗ. ಮೇನ್‌ಶೀಟ್ ಯಾವಾಗಲೂ ಕೈಯಲ್ಲೇ ಇರಲಿ.

ಮಾಸ್ಟ್ (ಹಾಯಿಗಂಬ) ಹಿಂದಕ್ಕೆ ವಾಲಿಸುವುದೂ ಸಹಾಯ ಮಾಡುತ್ತದೆ. ಆದರೆ ತೀರಾ ವಾಲಿಸಿದರೆ ಮೇನ್‌ಶೀಟ್‌ನ ಮೇಲಿನ ಮತ್ತು ಕೆಳಗಿನ ಬ್ಲಾಕ್‌ಗಳು (ರಾಟೆಗಳು) ಒಂದಕ್ಕೊಂದು ತಾಗಿ, ಹಾಯಿ ಇನ್ನೂ ಬಿಗಿಯುವ ಮೊದಲೇ ಹಗ್ಗ ಮುಗಿದುಹೋಗುತ್ತದೆ. ವಾಲನ್ನು ಅಳೆಯಲು ಟ್ರೆಪೀಜ್ ತಂತಿ ಸಾಕು: ಅದನ್ನು ಮುಂದಿನ ಫೋರ್‌ಸ್ಟೇ (ಮಾಸ್ಟನ್ನು ಮುಂದಿನಿಂದ ಹಿಡಿದಿಡುವ ತಂತಿ) ಬುಡಕ್ಕೆ ಎಳೆದು ಉದ್ದ ಗುರುತಿಸಿ, ಅದೇ ಉದ್ದವನ್ನು ಹಿಂದಕ್ಕೆ ತಂದು ಹಲ್‌ನ ಯಾವ ಜಾಗಕ್ಕೆ ಮುಟ್ಟುತ್ತದೆ ನೋಡಿ. ಆ ಜಾಗವನ್ನು ಬರೆದಿಡಿ.

ಪರೀಕ್ಷೆಗೆ ಎರಡು ದೋಣಿ ಬೇಕೇ ಬೇಕು. ಒಂಟಿಯಾಗಿ ಓಡಿಸಿ 'ಈಗ ಚೆನ್ನಾಗಿದೆ' ಅನ್ನುವುದರಲ್ಲಿ ನನಗೆ ನಂಬಿಕೆ ಇಲ್ಲ, ಗಾಳಿಯೇ ಬದಲಾಗಿರಬಹುದು. ಎರಡೂ ದೋಣಿಗಳು ಪಕ್ಕಪಕ್ಕದಲ್ಲಿ, ಒಂದರ ಗಾಳಿ ಇನ್ನೊಂದು ಕದಿಯದಷ್ಟು ದೂರದಲ್ಲಿ ಸಾಗಲಿ. ಒಂದರಲ್ಲಿ ಮಾತ್ರ, ಒಂದೇ ಒಂದು ಬದಲಾವಣೆ ಮಾಡಿ. ನಾಲ್ಕೈದು ನಿಮಿಷ ಓಡಿಸಿ. ಆಮೇಲೆ ಜಾಗ ಅದಲುಬದಲು ಮಾಡಿ ಮತ್ತೆ ನೋಡಿ. ಹಗ್ಗದ ಮೇಲೆ ಮಾರ್ಕರ್ ಗುರುತು ಹಾಕಿ.

ಬೈತಖೋಲ್ ಗುಡ್ಡದ ಮರೆಯಲ್ಲಿ ಪರೀಕ್ಷಿಸಿ ಸಮಾಧಾನಪಡಬೇಡಿ. ಕಾಳಿ ಅಳಿವೆಯ ಎದುರು, ಇಳಿತದ ನೀರು ಕಡಲಗಾಳಿಗೆ ಎದುರಾಗುವ ಹೊತ್ತಿಗೆ ಗಿಡ್ಡನೆಯ ಕಡಿದಾದ ಅಲೆ ಏಳುತ್ತದೆ. ದಡದ ಕಡೆಗೆ ಗಾಳಿ ಬೆನ್ನಿಗಿಟ್ಟು ಬರುವಾಗ ಹೋಬಿಯ ಸಪೂರ ಮೂತಿ ಅಂಥ ಅಲೆಯಲ್ಲಿ ಹೂತು ದೋಣಿ ಮುಂದಕ್ಕೆ ಪಲ್ಟಿ ಹೊಡೆಯಬಹುದು. ಇಬ್ಬರೂ ಆದಷ್ಟು ಹಿಂದಕ್ಕೆ ಸರಿಯಿರಿ. ಲೈಫ್ ಜಾಕೆಟ್ ಇರಲಿ, ಮಗುಚಿದ ದೋಣಿ ಎತ್ತುವ ಹಗ್ಗವೂ ಇರಲಿ. ಮಳೆಗಾಲದ ಕಡಲಲ್ಲಿ ಈ ಪ್ರಯೋಗ ಬೇಡ.

ಅದೇ ಅಲೆಯಲ್ಲಿ ಗಾಳಿಗೆದುರಾಗಿ ಹೋಗುವಾಗ ಹಾಯಿ ತೀರಾ ಚಪ್ಪಟೆಯಾಗಿದ್ದರೆ ದೋಣಿ ಪ್ರತಿ ಅಲೆಗೂ ನಿಂತುಬಿಡುತ್ತದೆ. ಆಗ ಡೌನ್‌ಹಾಲನ್ನು ಹೆಬ್ಬೆರಳಗಲ ಬಿಡಿ. ಅಷ್ಟು ಬಿಟ್ಟ ಮೇಲೆ ಮೇನ್‌ಶೀಟನ್ನು ಪದೇಪದೇ ಸಡಿಲಿಸಬೇಕಾಗಿ ಬಂದರೆ, ಮತ್ತೆ ಎಳೆಯಿರಿ.