ಸರಾಸರಿ ಮೂವತ್ತು, ಮೂವತ್ತು ಬಂದವರು ಯಾರೂ ಇಲ್ಲ

ಮನಃಶಾಸ್ತ್ರ ಎಂ.ಎ.ಗೆ ಸೇರುವ ಮಕ್ಕಳಲ್ಲಿ ಬಹುಪಾಲು ಮಂದಿ ಲೆಕ್ಕದ ಕಾಟ ತಪ್ಪಿತು ಅಂದುಕೊಂಡೇ ಬರುತ್ತಾರೆ. ಸಂಖ್ಯಾಶಾಸ್ತ್ರದ ಪತ್ರಿಕೆ ಎದುರಾದಾಗ ಮುಖ ಬಾಡುತ್ತದೆ. ಮನಸ್ಸಿನ ಸಂಗತಿಗಳನ್ನು ಅಳೆಯುವ, ಆ ಅಂಕಿಗಳನ್ನು ಓದುವ ಈ ಶಾಖೆಗೆ ಪರಿಮಾಣಾತ್ಮಕ ಮನಃಶಾಸ್ತ್ರ (ಕ್ವಾಂಟಿಟೇಟಿವ್ ಸೈಕಾಲಜಿ) ಎಂದು ಹೆಸರು. ದಾವಣಗೆರೆಯಲ್ಲಿ ಅದನ್ನೇ ಪಾಠ ಮಾಡುವ ನಾನು ಸೂತ್ರಕ್ಕೆ ಮುಂಚೆ ಗ್ರಾಫ್ ಹಾಳೆ ಕೊಡುತ್ತೇನೆ.

ಈಚೆಗೆ ಒಬ್ಬ ವಿದ್ಯಾರ್ಥಿನಿ ಪರೀಕ್ಷಾ ಆತಂಕದ ಮೇಲೆ ಪ್ರಾಜೆಕ್ಟ್ ಮಾಡಿದಳು. ಹತ್ತು ಪ್ರಶ್ನೆ, ಒಂದೊಂದಕ್ಕೂ 1ರಿಂದ 5 ಅಂಕ. ಒಟ್ಟು ಕನಿಷ್ಠ 10, ಗರಿಷ್ಠ 50. ಸರಾಸರಿ 30 ಬಂತು, ‘ಮಧ್ಯಮ ಆತಂಕ’ ಎಂದು ಬರೆದು ಮುಗಿಸಿದ್ದಳು. ಒಬ್ಬೊಬ್ಬರಿಗೂ ಒಂದೊಂದು ಚುಕ್ಕಿ ಇಡಮ್ಮ ಅಂದೆ. 20ರ ಹತ್ತಿರ ಒಂದು ಗುಂಪು, 40ರ ಹತ್ತಿರ ಇನ್ನೊಂದು. 30ರಲ್ಲಿ ಹಾಳೆ ಖಾಲಿ! ಪ್ರಶ್ನಾವಳಿಯ ಮೊದಲ ಪುಟ ತಿರುವಿದರೆ, ಮೇಲಿನ ಗುಂಪಿನವರು ಹೆಚ್ಚಾಗಿ ಜಗಳೂರು, ಚನ್ನಗಿರಿ ಕಡೆಯಿಂದ ದಿನಾ ಬಸ್ಸಿನಲ್ಲಿ ಬರುವವರು, ಕೆಳಗಿನವರು ಹಾಸ್ಟೆಲಿನವರು. ಬಸ್ಸೇ ಕಾರಣ ಎಂದು ಇಷ್ಟರಿಂದಲೇ ಹೇಳಲಾಗದು. ಮುಂದಿನ ಪ್ರಶ್ನೆ ಯಾರನ್ನು ಕೇಳಬೇಕು ಅನ್ನುವುದಂತೂ ಗೊತ್ತಾಯಿತು.

ಸರಾಸರಿ ಹೀಗೆ ಮರೆಮಾಚುವುದನ್ನು ತೋರಿಸಲು ಸಂಖ್ಯಾಶಾಸ್ತ್ರಜ್ಞ ಫ್ರಾನ್ಸಿಸ್ ಆನ್ಸ್‌ಕಂಬ್ 1973ರಲ್ಲಿ ನಾಲ್ಕು ಪುಟ್ಟ ಕೋಷ್ಟಕ ಕೊಟ್ಟರು. ಒಂದೊಂದರಲ್ಲೂ 11 ಜೋಡಿ ಸಂಖ್ಯೆ. ಸರಾಸರಿಗಳು 9 ಮತ್ತು 7.5, ಸಹಸಂಬಂಧ (ಎರಡು ಸಂಖ್ಯೆ ಎಷ್ಟರ ಮಟ್ಟಿಗೆ ಒಟ್ಟಿಗೆ ಏರಿಳಿಯುತ್ತವೆ ಎಂಬ ಅಳತೆ) ಸುಮಾರು 0.82; ನಾಲ್ಕಕ್ಕೂ ಅದೇ. ಚಿತ್ರ ಬರೆದರೆ ಮೊದಲನೆಯದು ಚದುರಿದ ಸಾಲು, ಎರಡನೆಯದು ಕಮಾನು. ಮೂರನೆಯದರಲ್ಲಿ ನೇರ ಸಾಲಿನಿಂದ ಸಿಡಿದ ಒಂಟಿ ಚುಕ್ಕಿ. ನಾಲ್ಕನೆಯದರಲ್ಲಿ ಹತ್ತು ಚುಕ್ಕಿ ಒಂದರ ಮೇಲೊಂದು ನಿಂತಿರುತ್ತವೆ, ದೂರದ ಹನ್ನೊಂದನೆಯದು ಚುಕ್ಕಿಗಳಿಗೆ ಹೊಂದಿಸಿ ಎಳೆದ ಇಡೀ ಗೆರೆಯನ್ನು ತನ್ನ ಕಡೆ ಎಳೆದುಕೊಳ್ಳುತ್ತದೆ. ಕ್ಯಾಲ್ಕುಲೇಟರ್ ಇದ್ಯಾವುದನ್ನೂ ಹೇಳುವುದಿಲ್ಲ.

ಚಿತ್ರವೂ ಸುಳ್ಳು ಹೇಳುತ್ತದೆ, ಅದು ಬೇರೆ ಮಾತು. ಶೇ 62 ಮತ್ತು ಶೇ 66ರ ಕಂಬಗಳನ್ನು 60ರಿಂದ ಶುರುಮಾಡಿ ನೋಡಿ, ಎರಡನೆಯದು ಮೂರು ಪಟ್ಟು ಎತ್ತರ. ಶಾಲೆಗಳ ಫಲಿತಾಂಶದ ಫ್ಲೆಕ್ಸ್‌ಗಳಲ್ಲಿ ಈ ಕೈಚಳಕ ಕಾಣುತ್ತಲೇ ಇರುತ್ತದೆ. ಕಣ್ಣು ಹೇಗೆ ಅಳೆಯುತ್ತದೆ ಎಂದು ಕ್ಲೀವ್‌ಲ್ಯಾಂಡ್ ಮತ್ತು ಮೆಕ್‌ಗಿಲ್ ಎಂಬ ಸಂಖ್ಯಾಶಾಸ್ತ್ರಜ್ಞರು 1984ರಲ್ಲಿ ಪ್ರಯೋಗ ಮಾಡಿ ನೋಡಿದರು. ಒಂದೇ ಅಳತೆಪಟ್ಟಿಯ ಮೇಲಿನ ಸ್ಥಾನವನ್ನು ನಾವು ಚೆನ್ನಾಗಿ ಓದುತ್ತೇವೆ, ಕೋನದಲ್ಲಿ ಎಡವುತ್ತೇವೆ. ಹಾಗಾಗಿ ನನ್ನ ತರಗತಿಯಲ್ಲಿ, ವೃತ್ತವನ್ನು ಹೋಳು ಮಾಡಿ ಕೋನದಿಂದ ಲೆಕ್ಕ ತೋರಿಸುವ ಪೈ ಚಾರ್ಟ್‌ಗೆ ಮರ್ಯಾದೆ ಕಮ್ಮಿ.

ಗ್ರಹಿಕೆಯ ಪ್ರಶ್ನೆ ಆದ್ದರಿಂದಲೇ ಇದು ಮನಃಶಾಸ್ತ್ರದವರ ಕೆಲಸವೂ ಹೌದು. ವರ್ಗೀಕೃತ ದತ್ತಾಂಶಕ್ಕೆ (ಹೌದು–ಇಲ್ಲ, ಹಳ್ಳಿ–ಪಟ್ಟಣದಂತೆ ಗುಂಪುಗಳಲ್ಲಿ ಎಣಿಸಿದ್ದಕ್ಕೆ) ಮೊಸಾಯಿಕ್ ಚಿತ್ರಗಳನ್ನು, ಅಂದರೆ ಎಣಿಕೆಯನ್ನು ಚೌಕಗಳ ವಿಸ್ತಾರದಲ್ಲಿ ತೋರಿಸುವ ಚಿತ್ರಗಳನ್ನು ಬೆಳೆಸಿದ, ದತ್ತಾಂಶ ಚಿತ್ರಣದ ಇತಿಹಾಸ ಕೆದಕಿದ ಮೈಕೆಲ್ ಫ್ರೆಂಡ್ಲಿ ಟೊರೊಂಟೊದ ಯಾರ್ಕ್ ವಿಶ್ವವಿದ್ಯಾಲಯದ ಮನಃಶಾಸ್ತ್ರ ಪ್ರಾಧ್ಯಾಪಕರು.

“ಇದನ್ನ ಓದಿದ್ರೆ ಕೆಲಸ ಸಿಗುತ್ತಾ ಸಾರ್?” ಪೋಷಕರು ಕೇಳುವುದು ಇದೊಂದೇ. ‘ಪರಿಮಾಣಾತ್ಮಕ ಮನಃಶಾಸ್ತ್ರ’ ಎಂಬ ಬೋರ್ಡು ಹೊತ್ತ ವಿಭಾಗ ನಮ್ಮ ಕಡೆ ಹುಡುಕಬೇಡಿ. ಎನ್‌ಇಟಿ (ಕಾಲೇಜು ಅಧ್ಯಾಪಕರ ರಾಷ್ಟ್ರೀಯ ಅರ್ಹತಾ ಪರೀಕ್ಷೆ), ಪಿಎಚ್‌.ಡಿ. ಮುಗಿಸಿ ಮನಃಶಾಸ್ತ್ರ ಅಥವಾ ಶಿಕ್ಷಣ ವಿಭಾಗ ಸೇರಿ, ಅಲ್ಲಿಂದ ಈ ಕೆಲಸ ಮಾಡಬೇಕು. ಪರೀಕ್ಷೆ, ಪ್ರಶ್ನಾವಳಿ ರೂಪಿಸುವುದು, ಅವನ್ನು ನಂಬಬಹುದೇ ಎಂದು ತೂಗುವುದು, ಜತೆಗೆ ಊರವರ ಪ್ರಬಂಧಗಳಿಗೆಲ್ಲ ಲೆಕ್ಕ ಹಾಕಿಕೊಡುವುದು. ಕೊನೆಯದಕ್ಕೆ ಸಂಬಳ ಇರದು, ಕಾಫಿ ಖಂಡಿತ. ಲೆಕ್ಕ ಹಾಕಿ ಗ್ರಾಫ್ ಬರೆಯುವ ‘ಆರ್’ (R) ತಂತ್ರಾಂಶ ಉಚಿತ, ಹಳೇ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಸೆಮಿಸ್ಟರ್ ರಜೆಯಲ್ಲೇ ಕಲಿಯಲು ಶುರು ಮಾಡಬಹುದು.