ಸೈಲೆನ್ಸರ್ ಬೋಲ್ಟು ಹಠ ಹಿಡಿದಾಗ

"ಗಾಡಿ ಟ್ರ್ಯಾಕ್ಟರ್ ಥರ ಸದ್ದು ಮಾಡ್ತಿದೆ" ಅಂತ ಮಳೆಗಾಲ ಮುಗಿದ ಮೇಲೆ ನಮ್ಮ ಗ್ಯಾರೇಜಿಗೆ ಒಬ್ಬರಲ್ಲ ಒಬ್ಬರು ಬಂದೇ ಬರುತ್ತಾರೆ. ನಮ್ಮದು ಕುಂದಾಪುರದ ಕಡೆ. ನಾಲ್ಕು ತಿಂಗಳ ಮಳೆ, ವರ್ಷವಿಡೀ ಉಪ್ಪುಗಾಳಿ. ಗಾಡಿ ಎತ್ತಿ ನೋಡಿದರೆ ಸಾಮಾನ್ಯವಾಗಿ ಸೈಲೆನ್ಸರ್ ಪೈಪಿನ ಜಾಯಿಂಟಿನಲ್ಲಿ ಗ್ಯಾಸ್ಕೆಟ್ (ಹೊಗೆ ಸೋರದಂತೆ ನಡುವೆ ಕೂರಿಸುವ ಬಿಲ್ಲೆ) ಹೋಗಿರುತ್ತದೆ. ಗ್ಯಾಸ್ಕೆಟ್ ಹಾಕುವುದು ಹತ್ತು ನಿಮಿಷದ ಕೆಲಸ. ಅದನ್ನು ಹಿಡಿದಿರುವ ಎರಡು ಬೋಲ್ಟು ಬಿಚ್ಚುವುದಕ್ಕೇ ಅರ್ಧ ದಿನ ಹೋಗುವುದೂ ಉಂಟು.

ಗಾಡಿಯಲ್ಲಿ ಬೇರೆ ಬೋಲ್ಟೂ ಇವೆಯಲ್ಲ, ಇದೇ ಯಾಕೆ ಹೀಗೆ? ಇದು ದಿನಾ ಕಾಯುತ್ತದೆ, ತಣಿಯುತ್ತದೆ, ಕಾದಾಗಲೇ ರಸ್ತೆಯ ನೀರು ಎರಚುತ್ತದೆ. ನೀರು ಹೊರಗಿನಿಂದ ಮಾತ್ರ ಬರುವುದೂ ಅಲ್ಲ. ಒಂದು ಲೀಟರ್ ಪೆಟ್ರೋಲ್ ಉರಿದರೆ ಹತ್ತಿರ ಹತ್ತಿರ ಒಂದು ಲೀಟರ್ ನೀರು ಆವಿಯಾಗಿ ಪೈಪಿಗೆ ಬರುತ್ತದೆ. ಮನೆಯಿಂದ ಪೇಟೆಗೆ ಎರಡು ಕಿಲೋಮೀಟರ್ ಮಾತ್ರ ಓಡುವ ಗಾಡಿಯಲ್ಲಿ ಪೈಪು ಪೂರ್ತಿ ಬಿಸಿಯಾಗುವುದೇ ಇಲ್ಲ, ನೀರು ಒಳಗೇ ಉಳಿಯುತ್ತದೆ. ಆಮೇಲೆ ತುಕ್ಕು. ತುಕ್ಕು ತಾನು ತಿಂದ ಕಬ್ಬಿಣಕ್ಕಿಂತ ಎರಡು ಪಟ್ಟಿಗೂ ಜಾಸ್ತಿ ಜಾಗ ಬೇಡುತ್ತದೆ. ಬೋಲ್ಟಿನ ಸುರುಳಿ ಗೀರು, ಅಂದರೆ ಥ್ರೆಡ್ಡಿನ ಸಂದಿಯಲ್ಲಿ ಆ ಜಾಗ ಎಲ್ಲಿದೆ? ಊದಿಕೊಂಡು ಅಲ್ಲೇ ಕಚ್ಚಿಕೊಳ್ಳುತ್ತದೆ.

ಮೊನ್ನೆ ಬಂದ ಹಳೇ ಆಲ್ಟೋದ ಕಥೆಯನ್ನೇ ಹೇಳುತ್ತೇನೆ. 14 ನಂಬರಿನ ಎರಡು ಬೋಲ್ಟು, ಎರಡರ ತಲೆಯೂ ಅರ್ಧ ತಿಂದುಹೋಗಿತ್ತು. ಮೊದಲ ದಿನ ಸ್ಪ್ಯಾನರ್ ಮುಟ್ಟಲೇ ಇಲ್ಲ. ಜಾಕ್ ಎತ್ತಿ, ಸ್ಟ್ಯಾಂಡ್ ಕೊಟ್ಟು (ಜಾಕ್ ಒಂದನ್ನೇ ನಂಬಿ, ಇಲ್ಲವೇ ಕಲ್ಲು ಕೊಟ್ಟು ಗಾಡಿಯಡಿ ನುಗ್ಗುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ) ವೈರ್ ಬ್ರಷ್ಷಿನಿಂದ ಹೊರಗೆ ಕಾಣುವ ಥ್ರೆಡ್ ಉಜ್ಜಿ, ತುಕ್ಕು ಬಿಡಿಸುವ ಎಣ್ಣೆ ಹೊಡೆದು ರಾತ್ರಿ ಬಿಟ್ಟೆ. ಕೊಳೆ ತೆಗೆಯದೆ ಎಣ್ಣೆ ಸುರಿದರೆ ಅದು ಮೇಲೇ ಹರಿದುಹೋಗುತ್ತದೆ. ಪೈಪು ತಣ್ಣಗಿರಬೇಕು, ಬಿಸಿ ಪೈಪಿಗೆ ಹೊಡೆದರೆ ಹೊಗೆ, ಕೆಲವೊಮ್ಮೆ ಬೆಂಕಿ.

ಬೆಳಿಗ್ಗೆ ಆರು ಮೂಲೆಯ ಗೋಟಿ (ಬೋಲ್ಟಿನ ತಲೆಗೆ ಟೋಪಿಯಂತೆ ಕೂರಿಸಿ ತಿರುಗಿಸುವ ಸಾಕೆಟ್). ಹನ್ನೆರಡು ಮೂಲೆಯದ್ದು ಇಲ್ಲಿ ಬೇಡವೇ ಬೇಡ, ತಲೆಯನ್ನು ಉರುಟು ಮಾಡಿ ಕೈಗೆ ಕೊಡುತ್ತದೆ. ಈ ಬೋಲ್ಟಿಗೆ 14ರ ಗೋಟಿ ಸಡಿಲವಾಯಿತು, 13ರದ್ದನ್ನು ಸುತ್ತಿಗೆಯಿಂದ ಬಡಿದು ಕೂರಿಸಿದೆ. ಆ ಬಡಿತದಿಂದ ತುಕ್ಕೂ ಸ್ವಲ್ಪ ಅಲುಗುತ್ತದೆ. ಮೊದಲು ಬಿಚ್ಚುವ ಕಡೆಗಲ್ಲ, ಬಿಗಿಯುವ ಕಡೆಗೆ ಒಂದು ಚೂರು. ಆಮೇಲೆ ಬಿಚ್ಚುವ ಕಡೆಗೆ. ಕಾಲು ಸುತ್ತು ಹೊರಗೆ, ಅರ್ಧ ಕಾಲು ಒಳಗೆ, ಮತ್ತೆ ಎಣ್ಣೆ. 'ಕಿರ್ರ್' ಅಂದರೆ ಸಂತೋಷ, ಅದು ಬಿಡುವ ಸದ್ದು. ಸದ್ದೇ ಇಲ್ಲದೆ ರಬ್ಬರ್ ತಿರುಗಿಸಿದ ಹಾಗೆ ಮೆತ್ತಗೆ ಅನಿಸಿತೋ, ಕೈ ತೆಗೆಯಿರಿ. ಬೋಲ್ಟು ಬಿಡುತ್ತಿಲ್ಲ, ಹುರಿಗೊಳ್ಳುತ್ತಿದೆ. ಕೆಲಸ ಕಲಿಯುವಾಗ ಆ ಮೆತ್ತಗಿನ ಅನುಭವ ನನಗೆ ಗೊತ್ತಿರಲಿಲ್ಲ. ಹ್ಯಾಂಡಲಿಗೆ ಪೈಪು ಸಿಕ್ಕಿಸಿ ಎಳೆದೆ, ಮ್ಯಾನಿಫೋಲ್ಡನ್ನು (ಎಂಜಿನ್ನಿನಿಂದ ಹೊಗೆ ಹೊರಬರುವ ಕವಲು ಪೈಪು) ಹಿಡಿದಿರುವ ಸ್ಟಡ್, ಅಂದರೆ ತಲೆಯಿಲ್ಲದ ಬೋಲ್ಟು, ಕಟ್ಟಾಗಿ ಎಂಜಿನ್ನಿನ ಮೇಲ್ಭಾಗವಾದ ಹೆಡ್ಡಿನೊಳಗೆ ಉಳಿಯಿತು. ಎರಡು ದಿನ ಹಿಡಿಯಿತು ಅದನ್ನು ತೆಗೆಯಲು.

ಆಲ್ಟೋದ ಒಂದು ಬೋಲ್ಟು ಹೀಗೆ ಬಂತು. ಇನ್ನೊಂದನ್ನು ಕಾಯಿಸಲು ಗ್ಯಾಸ್ ಬೆಂಕಿ ತರಬೇಕಾಯಿತು. ಕಾಯಿಸಬೇಕಾದದ್ದು ನಟ್ಟನ್ನು, ಬೋಲ್ಟನ್ನಲ್ಲ. 10 ಎಂ.ಎಂ. ತೂತು 600 ಡಿಗ್ರಿಯಷ್ಟು ಕಾದರೆ ಸುಮಾರು 0.07 ಎಂ.ಎಂ. ಅಗಲವಾಗುತ್ತದೆ. ಒಂದು ತಲೆಕೂದಲಿನಷ್ಟು. ಅಷ್ಟು ಸಾಕು, ತುಕ್ಕಿನ ಹಿಡಿತ ಒಡೆಯುತ್ತದೆ. ಕೆಂಪು ಇಳಿದ ಮೇಲೆ ಮೇಣದಬತ್ತಿ ಒತ್ತಿದರೆ ಮೇಣ ಕರಗಿ ಥ್ರೆಡ್ಡಿನೊಳಗೆ ಎಳೆದುಕೊಳ್ಳುತ್ತದೆ. ಗ್ಯಾಸ್ ಹಿಡಿಯುವ ಮುಂಚೆ ಪೆಟ್ರೋಲ್ ಪೈಪು, ಬ್ರೇಕ್ ಪೈಪು, ವೈರು, ರಬ್ಬರ್ ಹ್ಯಾಂಗರ್ ಎಲ್ಲಿವೆ ನೋಡಿ. ನಿನ್ನೆಯ ಎಣ್ಣೆ ಒರೆಸಿ. ಬ್ರೇಕ್ ಕ್ಲೀನರ್ ಹೊಡೆದ ಜಾಗಕ್ಕೆ ಬೆಂಕಿ ಹಿಡಿಯಲೇಬಾರದು, ಕೆಲವು ಕ್ಲೀನರಿನಿಂದ ವಿಷದ ಅನಿಲ ಏಳುತ್ತದೆ. ಮನೆಯಲ್ಲಿ ಮಾಡುವವರು ಈ ಹಂತಕ್ಕೆ ಬಂದರೆ ಗ್ಯಾರೇಜಿಗೆ ತನ್ನಿ, ನಾಚಿಕೆಯೇನಿಲ್ಲ.

ಫ್ಲ್ಯಾಂಜಿನ (ಬೋಲ್ಟು ಹಾಕುವ ಪೈಪಿನ ತುದಿಯ ಪಟ್ಟಿ) ಆಚೆ ನಟ್ಟು ಇದ್ದರೆ ಒದ್ದಾಡುವುದು ಬೇಡ, ಗ್ರೈಂಡರಿನಲ್ಲಿ ಕತ್ತರಿಸಿ ಹೊಸದು ಹಾಕಿ. ಹೆಡ್ಡಿಗೆ ಕೂತ ಸ್ಟಡ್ ಕಟ್ಟಾದರೆ ಉಳಿದ ತುಂಡಿಗೆ ಒಂದು ನಟ್ಟು ವೆಲ್ಡ್ ಮಾಡುವುದು ನನ್ನ ಮೊದಲ ಆಯ್ಕೆ. ಆ ಬಿಸಿಯೇ ಅರ್ಧ ಕೆಲಸ ಮಾಡುತ್ತದೆ. ಬ್ಯಾಟರಿ ಬಿಚ್ಚಿಟ್ಟೇ ವೆಲ್ಡಿಂಗ್. ಕಟ್ಟಾದ ತುಂಡಿಗೆ ತೂತು ಕೊರೆದು ಸಿಕ್ಕಿಸಿ ತಿರುಗಿಸುವ ಈಸಿ-ಔಟ್ ಅಂತ ಒಂದು ಬರುತ್ತದೆ, ಹೆಸರಲ್ಲಿ ಮಾತ್ರ ಈಸಿ. ಒಳಗೇ ಮುರಿದರೆ ಮಾಮೂಲಿ ಡ್ರಿಲ್ ಬಿಟ್ ಅದನ್ನು ಕೊರೆಯುವುದಿಲ್ಲ.

ವಾಪಸ್ ಹಾಕುವಾಗ ಎಲ್ಲರಿಗೂ ಅವಸರ. ಹಳೇ ಬೋಲ್ಟನ್ನೇ ಒರೆಸಿ ಹಾಕುತ್ತಾರೆ. ನಾನು ಹಾಕುವುದಿಲ್ಲ. ತೂತಿನ ಥ್ರೆಡ್ಡಿಗೆ ಟ್ಯಾಪ್ (ಥ್ರೆಡ್ ಕೊರೆಯುವ, ಸ್ವಚ್ಛ ಮಾಡುವ ಸಾಧನ) ಓಡಿಸಿ, ಹೊಸ ಬೋಲ್ಟು, ತಾಮ್ರದ ಲೇಪದ ನಟ್ಟು ಹಾಕುತ್ತೇನೆ. ಥ್ರೆಡ್ಡಿಗೆ ತಾಮ್ರದ ಪುಡಿಯ ಆಂಟಿ-ಸೀಜ್ (ಬೋಲ್ಟು ಕಚ್ಚಿಕೊಳ್ಳದಂತೆ ಹಚ್ಚುವ ಪೇಸ್ಟ್) ತೆಳುವಾಗಿ. ಮಾಮೂಲಿ ಗ್ರೀಸ್ ಸುಮ್ನೆ ಸುಟ್ಟು ಕರಿಯಾಗುತ್ತದೆ. ಆಂಟಿ-ಸೀಜ್ ಹಚ್ಚಿದ ಬೋಲ್ಟು ಜಾರುತ್ತದೆ, ಅದೇ ಟಾರ್ಕಿಗೆ (ತಿರುಗಿಸುವ ಬಲಕ್ಕೆ) ಜಾಸ್ತಿ ಬಿಗಿಯಾಗುತ್ತದೆ, ಹಾಗಾಗಿ ಮ್ಯಾನುಯಲ್ಲಿನ ಅಂಕಿ ಒಣ ಥ್ರೆಡ್ಡಿನದ್ದಾದರೆ ಸ್ವಲ್ಪ ಇಳಿಸಿ. ಸ್ಪ್ರಿಂಗ್ ಇರುವ ಬೋಲ್ಟಾದರೆ ಸ್ಪ್ರಿಂಗ್ ಪೂರ್ತಿ ಕೂತುಹೋಗುವಷ್ಟು ಬಿಗಿಯಬೇಡಿ, ಎಂಜಿನ್ ಅಲುಗಾಡುವಾಗ ಜಾಯಿಂಟ್ ಬಾಗಲಿ ಅಂತಲೇ ಅದನ್ನು ಇಟ್ಟಿರುವುದು.

ಎರಡೂ ಬೋಲ್ಟನ್ನು ಮೊದಲು ಕೈಯಲ್ಲೇ ಹಿಡಿಸಿ, ಪೈಪು ನೇರ ಮಾಡಿ, ಆಮೇಲೆ ಅದಕ್ಕೊಂದು ಇದಕ್ಕೊಂದು ಸ್ವಲ್ಪ ಸ್ವಲ್ಪ ಬಿಗಿಯಿರಿ. ತಣ್ಣಗಿನ ಎಂಜಿನ್ ಸ್ಟಾರ್ಟ್ ಮಾಡಿ, ದಪ್ಪ ಬಟ್ಟೆಯಿಂದ ಪೈಪಿನ ಬಾಯಿ ಎರಡು ಕ್ಷಣ ಅದುಮಲು ಒಬ್ಬರಿಗೆ ಹೇಳಿ. ಜಾಯಿಂಟಿನಲ್ಲಿ 'ಫುಸ್' ಅಂದರೆ ಇನ್ನೂ ಸೋರುತ್ತಿದೆ. ಆಲ್ಟೋದಲ್ಲಿ ಮೊದಲ ಸಲ ಅಂದಿತು, ಗ್ಯಾಸ್ಕೆಟ್ ಓರೆ ಕೂತಿತ್ತು. ಮತ್ತೆ ಬಿಚ್ಚಿದೆ. ಈ ಸಲ ಎರಡು ನಿಮಿಷ ಹಿಡಿಯಿತು.