ಪದ ಪರಿಚಯ: ದ್ಯುತಿಚಲನೆ

ಮುಂಬೈಯ ಕನ್ನಡ ಮಾಧ್ಯಮ ಶಾಲೆಯೊಂದರ ವಿಜ್ಞಾನ ಪ್ರದರ್ಶನದಲ್ಲಿ ಹಸಿರು ಪಾಚಿಯ ಚಿತ್ರದ ಕೆಳಗೆ ‘ದ್ಯುತಿ ಅನುವರ್ತನೆ’ ಎಂಬ ಶೀರ್ಷಿಕೆಯಿತ್ತು. ಪಾಚಿಯು ಸೂರ್ಯಕಾಂತಿಯಂತೆ ಬೆಳಕಿನತ್ತ ವಾಲುತ್ತದೆ, ಅದಕ್ಕೆ ಬೇಕಾದ ಶಕ್ತಿಯನ್ನು ಕ್ಯಾಲ್ಸಿಯಂ ಒದಗಿಸುತ್ತದೆ ಎಂಬ ವಿವರಣೆಯೂ ಇತ್ತು. ಮಕ್ಕಳನ್ನು ದೂರುವಂತಿಲ್ಲ, ಏಕೆಂದರೆ ಇದೇ ಮಾತು ದೊಡ್ಡವರ ವಾಟ್ಸ್‌ಆ್ಯಪ್ ಬರಹಗಳಲ್ಲೂ ಮತ್ತೆ ಮತ್ತೆ ಕಾಣಿಸಿಕೊಳ್ಳುತ್ತಿದೆ. ಆ ಒಂದು ವಾಕ್ಯದಲ್ಲಿ ಎರಡು ತಪ್ಪುಗಳಿವೆ.

ಮೊದಲನೆಯದು ಹೆಸರಿನದು. ದ್ಯುತಿ ಅನುವರ್ತನೆ ಎಂದರೆ ಫೋಟೋಟ್ರೋಪಿಸಂ, ಅದರ ಮೂಲದಲ್ಲಿರುವ ಗ್ರೀಕಿನ ‘ಟ್ರೋಪೋಸ್’ ಎಂದರೆ ತಿರುವು. ಚಾಳಿನ ಗ್ಯಾಲರಿಯಲ್ಲಿಟ್ಟ ತುಳಸಿಯ ಕುಂಡ ಬೆಳಕಿನ ಕಡೆಗೆ ಬಾಗುವುದು ಇದಕ್ಕೆ ಸರಿಯಾದ ಉದಾಹರಣೆ: ಆಕ್ಸಿನ್ ಎಂಬ ಹಾರ್ಮೋನು ಕಾಂಡದ ನೆರಳಿನ ಬದಿಗೆ ಹೆಚ್ಚು ಸೇರಿ, ಆ ಬದಿಯ ಜೀವಕೋಶಗಳು ಹೆಚ್ಚು ಉದ್ದವಾಗುವುದರಿಂದ ಗಿಡ ವಾಲುತ್ತದೆ. ಅದು ಬೆಳವಣಿಗೆ, ಗಂಟೆಗಟ್ಟಲೆ ಹಿಡಿಯುತ್ತದೆ, ಬೇರು ಇದ್ದಲ್ಲೇ ಇರುತ್ತದೆ. ಎಳೆಯ ಸೂರ್ಯಕಾಂತಿ ಸೂರ್ಯನನ್ನು ಹಿಂಬಾಲಿಸುವುದೂ ಕಾಂಡದ ಎರಡು ಬದಿಗಳ ಅಸಮ ಬೆಳವಣಿಗೆಯಿಂದಲೇ. ಹಸಿರು ಪಾಚಿ ತೋರುವ ದ್ಯುತಿಚಲನೆ, ಅಂದರೆ ಫೋಟೋಟ್ಯಾಕ್ಸಿಸ್, ಬೇರೆಯೇ ಸಂಗತಿ. ‘ಟ್ಯಾಕ್ಸಿಸ್’ ಎಂದರೆ ಅಣಿಗೊಳಿಸುವುದು. ಸೇನೆಯನ್ನು ಸಾಲುಗಟ್ಟಿ ನಿಲ್ಲಿಸುವುದಕ್ಕೆ ಗ್ರೀಕರು ಬಳಸುತ್ತಿದ್ದ ಪದವದು. ಇಲ್ಲಿ ಇಡೀ ಜೀವಿಯೇ ಬೆಳಕು ಬರುವ ದಿಕ್ಕನ್ನು ಗುರುತಿಸಿ, ಅತ್ತಲೋ ಅದರಿಂದ ದೂರಕ್ಕೋ ಹೊರಡುತ್ತದೆ. ಬೆಳಕು ಹೆಚ್ಚಾದಾಗ ವೇಗ ಮಾತ್ರ ಬದಲಾಗಿ ದಿಕ್ಕು ಬದಲಾಗದಿದ್ದರೆ ಅದನ್ನೂ ದ್ಯುತಿಚಲನೆ ಎನ್ನಲಾಗದು. ದಿಕ್ಕೇ ಈ ಪದದ ಜೀವಾಳ.

ಕ್ಲಾಮಿಡೋಮೊನಾಸ್‌ ಎಂಬ ಏಕಕೋಶ ಪಾಚಿಯನ್ನು ಹತ್ತಿರದಿಂದ ನೋಡಿದರೆ ಇದು ಸ್ಪಷ್ಟವಾಗುತ್ತದೆ. ಸುಮಾರು 10 ಮೈಕ್ರೋಮೀಟರ್ ಗಾತ್ರದ ಈ ಕೋಶದ ಮುಂತುದಿಯಲ್ಲಿ ಚಾವಟಿಯಂಥ ಎರಡು ಕಶಾಂಗಗಳಿದ್ದು, ಅವು ಸೆಕೆಂಡಿಗೆ 50ರ ಆಸುಪಾಸು ಸಲ ಬಡಿಯುತ್ತವೆ. ಈಜುವಾಗ ಕೋಶ ತನ್ನ ಅಕ್ಷದ ಮೇಲೆ ಸೆಕೆಂಡಿಗೆ ಹೆಚ್ಚುಕಡಿಮೆ ಎರಡು ಸುತ್ತು ತಿರುಗುತ್ತಾ ಸುರುಳಿಯಾಕಾರದಲ್ಲಿ ಸಾಗುತ್ತದೆ. ನಡುಭಾಗದ ಒಂದು ಪಕ್ಕದಲ್ಲಿ ಕೇಸರಿ ಬಣ್ಣದ ಕಣ್ಚುಕ್ಕೆಯಿದೆ. ಹೆಸರು ಕೇಳಿ ಅದೇ ಬೆಳಕನ್ನು ಗ್ರಹಿಸುತ್ತದೆ ಎಂದುಕೊಳ್ಳಬಾರದು. ಕ್ಯಾರೊಟಿನಾಯ್ಡ್ ಎಂಬ ವರ್ಣದ್ರವ್ಯ ತುಂಬಿದ ಅದರ ಪದರಗಳು ಹೊರಗಿನಿಂದ ಬಿದ್ದ ಬೆಳಕನ್ನು ಪ್ರತಿಫಲಿಸುತ್ತವೆ, ಕೋಶದ ಹಿಂಬದಿಯಿಂದ ಬರುವ ಬೆಳಕನ್ನು ತಡೆಯುತ್ತವೆ. ಗ್ರಹಿಸುವ ಕೆಲಸ ಅವುಗಳ ಮೇಲಿನ ಕೋಶಪೊರೆಯಲ್ಲಿರುವ ಚಾನಲ್‌ರೊಡಾಪ್ಸಿನ್ ಎಂಬ ಪ್ರೋಟೀನುಗಳದು. 2002 ಮತ್ತು 2003ರಲ್ಲಿ ನಾಗೆಲ್, ಹೆಗೆಮನ್ ಮತ್ತು ಸಂಗಡಿಗರು ಇವನ್ನು ವಿವರಿಸಿದರು. ಕೋಶ ಸುತ್ತುತ್ತಿರುವುದರಿಂದ, ಬೆಳಕು ಪಕ್ಕದಿಂದ ಬರುತ್ತಿದ್ದರೆ ಈ ಗ್ರಾಹಕಗಳಿಗೆ ಪ್ರತಿ ಸುತ್ತಿನಲ್ಲೂ ಒಮ್ಮೆ ಬೆಳಕು, ಒಮ್ಮೆ ಮಬ್ಬು ಸಿಗುತ್ತದೆ. ಆ ಏರಿಳಿತವೇ ದಿಕ್ಕಿನ ಸುದ್ದಿ.

ಆ ಸುದ್ದಿಯನ್ನು ಕಶಾಂಗಗಳ ವರ್ತನೆಯಾಗಿ ಮಾರ್ಪಡಿಸುವುದು ಕ್ಯಾಲ್ಸಿಯಂ. ಕೋಶದೊಳಗೆ ಅದರ ಪ್ರಮಾಣ ಹೊರಗಿನದಕ್ಕಿಂತ ಸಾವಿರಾರು ಪಟ್ಟು ಕಡಿಮೆಯಿರುತ್ತದೆ. ಹಾಗಾಗಿ ಗ್ರಾಹಕಗಳ ಮೇಲೆ ಬೆಳಕು ಬಿದ್ದಾಗ ಪೊರೆಯ ಬಾಗಿಲುಗಳು ಕ್ಷಣಕಾಲ ತೆರೆದು ಚೂರೇ ಒಳಬಂದರೂ ಅದು ಕೋಶಕ್ಕೆ ದೊಡ್ಡ ಬದಲಾವಣೆ. ಎರಡು ಕಶಾಂಗಗಳು ಈ ಬದಲಾವಣೆಗೆ ಒಂದೇ ರೀತಿ ಪ್ರತಿಕ್ರಿಯಿಸುವುದಿಲ್ಲ ಎಂಬುದೇ ಇಲ್ಲಿನ ಸೊಗಸು. 1984ರಲ್ಲಿ ಕಾಮಿಯಾ ಮತ್ತು ವಿಟ್‌ಮನ್ ಪೊರೆ ಕಳಚಿದ ಕೋಶಗಳ ಮೇಲೆ ಪ್ರಯೋಗ ನಡೆಸಿ, ಮೈಕ್ರೋಮೋಲಾರಿಗಿಂತ ಕೆಳಗಿನ ಅತಿ ಸಣ್ಣ ಕ್ಯಾಲ್ಸಿಯಂ ವ್ಯತ್ಯಾಸಕ್ಕೂ ಎರಡರ ಬಲದ ಸಮತೋಲ ಬದಲಾಗುವುದನ್ನು ತೋರಿಸಿದರು. ಕ್ಯಾಲ್ಸಿಯಂ ಏರಿದಾಗ ಕಣ್ಚುಕ್ಕೆಯ ಹತ್ತಿರದ ಕಶಾಂಗ ಹಿಂಜರಿದು, ದೂರದ್ದು ಮೇಲುಗೈ ಪಡೆಯುತ್ತದೆ. ಬಲಗಡೆಯ ಹುಟ್ಟನ್ನು ಜೋರಾಗಿ ಎಳೆದರೆ ದೋಣಿ ಎಡಕ್ಕೆ ತಿರುಗುವಂತೆ, ಕೋಶ ಕಣ್ಚುಕ್ಕೆಯಿರುವ ಬದಿಗೆ, ಅಂದರೆ ಬೆಳಕಿನ ಕಡೆಗೆ, ಸ್ವಲ್ಪ ಸ್ವಲ್ಪವೇ ವಾಲಿಕೊಂಡು ದಾರಿ ಸರಿಪಡಿಸಿಕೊಳ್ಳುತ್ತದೆ. ಮುಖ ಬೆಳಕಿಗೆ ನೇರವಾದಾಗ ಏರಿಳಿತ ನಿಲ್ಲುತ್ತದೆ, ತಿರುವೂ ನಿಲ್ಲುತ್ತದೆ.

ಹೀಗಿರುವಾಗ ಕ್ಯಾಲ್ಸಿಯಂ ಶಕ್ತಿ ಕೊಡುತ್ತದೆ ಎನ್ನುವುದು ಎರಡನೆಯ ತಪ್ಪು, ಮತ್ತು ನನ್ನ ದೃಷ್ಟಿಯಲ್ಲಿ ಹೆಚ್ಚು ಗಂಭೀರವಾದದ್ದು. ಕಶಾಂಗದೊಳಗಿನ ಡೈನಿನ್ ಪ್ರೋಟೀನುಗಳನ್ನು ದುಡಿಸುವ ಶಕ್ತಿ ಬರುವುದು ಎಟಿಪಿ ಎಂಬ, ಜೀವಕೋಶದ ಶಕ್ತಿವಾಹಕ ಅಣುವಿನಿಂದ. ಪೊರೆ ಕಳಚಿದ ಕಶಾಂಗಕ್ಕೆ ಎಟಿಪಿ ಕೊಟ್ಟರೆ ಕ್ಯಾಲ್ಸಿಯಂ ತೀರಾ ವಿರಳವಾಗಿದ್ದಾಗಲೂ ಅದು ಬಡಿಯಬಲ್ಲದು. ಎಟಿಪಿ ಇಲ್ಲದೆ ಕ್ಯಾಲ್ಸಿಯಂ ಎಷ್ಟು ಸುರಿದರೂ ಮಿಸುಕದು. ಮೂಳೆ, ಹಾಲು, ಮಾತ್ರೆಗಳ ಜಾಹೀರಾತುಗಳಿಂದಾಗಿ ಕ್ಯಾಲ್ಸಿಯಂ ಎಂದೊಡನೆ ನಮಗೆ ಬಲ ನೆನಪಾಗುತ್ತದೆ. ಜೀವಕೋಶದೊಳಗೆ ಮಾತ್ರ ಅದು ಬಹುಮಟ್ಟಿಗೆ ಸಂಕೇತ. ಈ ಒಂದು ವ್ಯತ್ಯಾಸವನ್ನು ಶಿಕ್ಷಕರು ಮನದಟ್ಟು ಮಾಡಿಸಿದರೆ ಸ್ನಾಯು, ನರಗಳ ಪಾಠಗಳೂ ಸುಲಭವಾಗುತ್ತವೆ.

ಇದ್ದಕ್ಕಿದ್ದಂತೆ ಪ್ರಖರ ಬೆಳಕು ಬಿದ್ದಾಗ ಕ್ಲಾಮಿಡೋಮೊನಾಸ್ ತಡೆದು ನಿಂತು, ಕ್ಷಣಕಾಲ ಹಿಮ್ಮುಖವಾಗಿ ಈಜುತ್ತದೆ. ಇದಕ್ಕೂ ಕ್ಯಾಲ್ಸಿಯಂ ಬೇಕೆಂದು ಸ್ಮಿತ್ ಮತ್ತು ಎಕರ್ಟ್ 1976ರಲ್ಲಿ ತೋರಿಸಿದ್ದರು. ಆದರೆ ಇಲ್ಲಿ ಅದು ಕಶಾಂಗದ ಪೊರೆಯಲ್ಲೇ ಇರುವ ಬೇರೊಂದು ಬಾಗಿಲಿನಿಂದ, ಹೆಚ್ಚು ಪ್ರಮಾಣದಲ್ಲಿ ನುಗ್ಗಿ ಬಡಿತದ ಶೈಲಿಯನ್ನೇ ಬದಲಿಸುತ್ತದೆ. ಇದು ಬೆಳಕಿನ ಆಘಾತಕ್ಕೆ ತೋರುವ ಪ್ರತಿಕ್ರಿಯೆ. ಬೆಳಕಿನ ದಿಕ್ಕಿಗೂ ಇದಕ್ಕೂ ನಂಟಿಲ್ಲವಾದ್ದರಿಂದ ದ್ಯುತಿಚಲನೆಯ ಲೆಕ್ಕಕ್ಕೆ ಸೇರದು.

ಕೆರೆಯ ಮೇಲ್ಮೈಗೆ ಕೆನೆಯಂತೆ ಏರಿ ಬರುವ ಮೈಕ್ರೊಸಿಸ್ಟಿಸ್‌ಗೂ ಈ ಪದ ಹೊಂದುವುದಿಲ್ಲ. ಅದು ಹಸಿರು ಪಾಚಿಯಲ್ಲ, ಸಯನೋಬ್ಯಾಕ್ಟೀರಿಯಾ. ಅದಕ್ಕೆ ಕಶಾಂಗಗಳಿಲ್ಲ, ಕೋಶದೊಳಗಿನ ಅನಿಲದ ಚೀಲಗಳಿಂದಾಗಿ ತೇಲುತ್ತದೆ.